ಆಕಾಶಕ್ಕೆ ರಸ್ತೆಬದಿ ಇಲ್ಲ

ನಮ್ಮ ಮನೆಯಲ್ಲಿ ಯುದ್ಧವಿಮಾನದ ಜಗಳ ಬೆಳಗಿನ ತಿಂಡಿಗೇ ಶುರುವಾಗುತ್ತಿತ್ತು. ಅಣ್ಣ ಯುದ್ಧವಿಮಾನದ ಪೈಲಟ್. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಣ್ಣ ರಜೆಗೆ ಬಂದ ಮಾರನೆಯ ದಿನ, ಅಮ್ಮ ಇಡ್ಲಿ ಇಳಿಸುವಷ್ಟರಲ್ಲಿ ಅಪ್ಪ ಪೇಪರು ಮಡಚಿಟ್ಟು ಕೆಣಕುತ್ತಿದ್ದರು.

“ಅದೇನೋ ಸ್ಟೆಲ್ತ್ ವಿಮಾನವಂತೆ. ಒಂದೊಂದಕ್ಕೂ ಕೋಟಿ ಕೋಟಿ ಸುರೀಬೇಕಂತೆ. ಆ ದುಡ್ಡಲ್ಲಿ ಊರೂರಿಗೆ ಆಸ್ಪತ್ರೆ ಕಟ್ಬುಡ್ಬೋದು ಕಣೋ.”

“ಒಂದೇ ವಿಮಾನ ಎಲ್ಲಾ ಕೆಲ್ಸ ಮಾಡತ್ತಪ್ಪ,” ಎನ್ನುತ್ತಿದ್ದ ಅಣ್ಣ. “ಇನ್ನೊಂದು ವಿಮಾನದ ಜೊತೆ ಕಾದಾಡತ್ತೆ, ನೆಲಕ್ಕೂ ಹೊಡೆಯತ್ತೆ, ಮೇಲಿಂದ ನೋಡ್ಕೊಂಡೂ ಬರತ್ತೆ.”

“ಹೂಂ, ನೀನು ನಿಮ್ಮಮ್ಮಂಗೆ ತಂದ್ಕೊಟ್ಟ ಗ್ರೈಂಡರ್ ಥರ. ರುಬ್ಬತ್ತೆ, ಕಾಯಿ ತುರಿಯತ್ತೆ, ಚಪಾತಿ ಹಿಟ್ಟೂ ಕಲಸತ್ತೆ. ಯಾವ್ದೂ ನೆಟ್ಟಗೆ ಮಾಡಲ್ಲ.”

ಅಮ್ಮ ಮಾತ್ರ ಗ್ರೈಂಡರಿನ ಪರವಾಗಿ ನಿಲ್ಲುತ್ತಿದ್ದಳು. ಅದಕ್ಕಿಂತ ದೊಡ್ಡ ವಿಷಯ ಅವಳಿಗೆ ಬೇಕಿರಲಿಲ್ಲ. ಒಮ್ಮೆ ಮಾತ್ರ, ಸ್ಟೆಲ್ತ್ ಅಂದರೇನು ಎಂದು ಕೇಳಿದಳು. ಶತ್ರುಗಳ ರೇಡಾರಿಗೆ ಸುಲಭವಾಗಿ ಕಾಣದ ವಿಮಾನ ಎಂದು ಅಣ್ಣ ವಿವರಿಸಿದ. ಅವಳು ಸ್ವಲ್ಪ ಯೋಚಿಸಿ, “ಕಾಣದೇ ಹೋದ್ರೆ ನಮ್ಮೋರಿಗೆ ನೀನು ಎಲ್ಲಿದ್ದೀಯ ಅಂತ ಹೆಂಗೆ ಗೊತ್ತಾಗತ್ತೆ?” ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಅಣ್ಣ ಹಾರಿಸುತ್ತಿದ್ದದ್ದು ಸ್ಟೆಲ್ತ್ ಅಲ್ಲ, ಹಳೆಯ ವಿಮಾನ. ಅವನಿಗಿಂತ ಅದಕ್ಕೆ ಹೆಚ್ಚು ವಯಸ್ಸಾಗಿತ್ತಂತೆ. ಅವನೂ ಅವನ ಜೊತೆಯವರೂ ಅದನ್ನು ‘ತಾತ’ ಎಂದು ಕರೆಯುತ್ತಿದ್ದರು. ಅಪ್ಪನಿಗೆ ಇದೇನೂ ಅಂಥ ದೊಡ್ಡ ದೂರು ಅನಿಸುತ್ತಿರಲಿಲ್ಲ. ಅವರ ಸ್ಕೂಟರಿಗೂ ಹೆಚ್ಚುಕಡಿಮೆ ನನ್ನ ವಯಸ್ಸು. ಓರೆ ಮಾಡಿ, ನೆಟ್ಟಗೆ ಮಾಡಿ, ಕಿಕ್ ಹೊಡೆದರೆ ಇವತ್ತಿಗೂ ಶುರುವಾಗುತ್ತದೆ. “ಚೆನ್ನಾಗಿ ನೋಡ್ಕೊಂಡ್ರೆ ಯಾವ ಮೆಷಿನ್ನೂ ಮುದಿಯಾಗಲ್ಲ,” ಎಂದು ಅವರು ಹೇಳಿದಾಗ ಅಣ್ಣ ಚಟ್ನಿಯಲ್ಲಿ ಇಡ್ಲಿ ಅದ್ದುತ್ತ ನಗುನಗುತ್ತಲೇ ಉತ್ತರ ಕೊಟ್ಟಿದ್ದ.

“ಅಪ್ಪ, ಸ್ಕೂಟರ್ ಕೆಟ್ಟೋದ್ರೆ ರಸ್ತೆ ಪಕ್ಕಕ್ಕೆ ನಿಲ್ಲಿಸ್ತೀರ. ಮೇಲೆ ಪಕ್ಕ ಎಲ್ಲಿದೆ?”

ಅಪ್ಪ ಲೋಟವನ್ನು ಅವನ ಕಡೆ ತಳ್ಳಿದರು. “ಕಾಫಿ ಕುಡಿ, ಆರೋಗತ್ತೆ,” ಎಂದರು.

ಅದೇ ಅಣ್ಣನ ಕೊನೆಯ ರಜೆ. ಮಂಡಕಳ್ಳಿಯ ವಿಮಾನ ನಿಲ್ದಾಣದವರೆಗೂ ಅಪ್ಪ ಅವನನ್ನು ಸ್ಕೂಟರಿನಲ್ಲೇ ಕೂರಿಸಿಕೊಂಡು ಹೋದರು. ಕಾಲುಗಳ ನಡುವೆ ಅವನ ಬ್ಯಾಗು, ಬೆನ್ನ ಹಿಂದೆ ಅವನು. ವಿಮಾನ ಎದ್ದು ಮೋಡದ ಹಿಂದೆ ಹೋಗುವವರೆಗೂ ಹೊರಗೆ ನಿಂತಿದ್ದು ಬಂದರು.

ಕೆಲವು ತಿಂಗಳಾದ ಮೇಲೆ ಸಮುದ್ರದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಅವನ ವಿಮಾನ ಕಾಣೆಯಾಯಿತು. ಹುಡುಕಿದರು. ರೆಕ್ಕೆಯ ಒಂದು ಚೂರು ಸಿಕ್ಕಿತು, ಅವನು ಸಿಗಲಿಲ್ಲ. ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದು ನಮಗೆ ಇಂದಿಗೂ ತಿಳಿಯದು. ಮನೆಗೆ ಬಂದ ಇಬ್ಬರು ಅಧಿಕಾರಿಗಳು ಬಹಳ ಮರ್ಯಾದೆಯಿಂದ, ತಲೆ ತಗ್ಗಿಸಿ, ನಿಮ್ಮ ಮಗ ತೀರಿಕೊಂಡಿದ್ದಾರೆಂದು ಭಾವಿಸಲಾಗಿದೆ ಎಂದರು. ಅಮ್ಮ ಅವರ ಮುಂದೆ ಕಾಫಿ ಲೋಟ ಇಟ್ಟು, “ನೀವು ಭಾವಿಸ್ಕೊಳ್ಳಿ. ನಾನು ಭಾವಿಸ್ಕೊಳ್ಳಲ್ಲ,” ಎಂದು ಒಳಗೆ ಹೋದಳು.

ಹೀಗಾಗಿ ನಮ್ಮ ಮನೆಯಲ್ಲಿ ಸಾವು ನಡೆಯಲೇ ಇಲ್ಲ. ಪೆಟ್ಟಿಗೆ ಬರಲಿಲ್ಲ, ಮಣ್ಣು ಹಾಕಲಿಲ್ಲ. ನವೆಂಬರಿನ ಸತ್ತವರ ಹಬ್ಬಕ್ಕೆ ನಮ್ಮ ಚರ್ಚಿನವರೆಲ್ಲ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುವಾಗ ನಾವು ಅಜ್ಜ ಅಜ್ಜಿಯರಿಗೆ ಹಚ್ಚಿ ವಾಪಸಾಗುತ್ತಿದ್ದೆವು. ಎಲ್ಲರೂ ಅತ್ತು ಹಗುರಾಗುತ್ತಿದ್ದರು, ನಮಗೆ ಅಳುವುದಕ್ಕೂ ಒಂದು ಜಾಗವಿರಲಿಲ್ಲ.

ಜಗಳವೆಲ್ಲ ಅಣ್ಣನ ಹುಟ್ಟುಹಬ್ಬದ ಪೂಜೆಗೆ ಬಂದು ನಿಂತಿತು. ನಮ್ಮ ಚರ್ಚಿನಲ್ಲಿ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಮುಂಚೆ ಜನ ಬರೆಸಿದ ಕೋರಿಕೆಗಳನ್ನು ಓದುತ್ತಾರೆ. ಸತ್ತವರಿಗಾದರೆ ‘ಆತ್ಮಶಾಂತಿಗಾಗಿ’, ಬದುಕಿರುವವರಿಗಾದರೆ ‘ಕ್ಷೇಮಕ್ಕಾಗಿ’. ಅಪ್ಪ ಆತ್ಮಶಾಂತಿಗೆ ಬರೆಸೋಣವೆಂದರು. ಮಗನಿಗಾಗಿ ಒಂದು ಸಲ ಸರಿಯಾಗಿ ಅಳಬೇಕೆಂಬುದಷ್ಟೇ ಅವರ ಆಸೆ. ಅಮ್ಮ ಒಪ್ಪಲಿಲ್ಲ. ಪ್ರತಿ ವರ್ಷ ತಾನೇ ಚರ್ಚಿನ ಆಫೀಸಿಗೆ ಹೋಗಿ ಕ್ಷೇಮಕ್ಕಾಗಿ ಎಂದು ಬರೆಸಿ ಬರುತ್ತಿದ್ದಳು. ಅಣ್ಣನ ವಿಷಯ ಮಾತಾಡಿದರೆ ಅವಳ ಬಾಯಲ್ಲಿ ಬರುತ್ತಿದ್ದದ್ದು ‘ಅವನು ಬಂದಾಗ’, ‘ಅವನು ಬರ್ತಾನೆ’. ಓದುವವರು ಅವನ ಹೆಸರನ್ನು ಸ್ವಲ್ಪ ಮೆಲ್ಲಗೆ ಓದುತ್ತಿದ್ದರು. ಅಪ್ಪ ನೆಲ ನೋಡುತ್ತಿದ್ದರು.

ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತೇನೆ. ದುಬಾರಿ ಸ್ಟೆಲ್ತ್ ವಿಮಾನ ಬೇಕೇ ಬೇಡವೇ ಎಂಬುದು ಅಲ್ಲಿ ಆಗಾಗ ಬರುವ ವಿಷಯ. ಒಂದು ಸಾಲಿನವರು ಆಸ್ಪತ್ರೆ, ಶಾಲೆ ಎನ್ನುತ್ತಾರೆ. ಇನ್ನೊಂದು ಸಾಲಿನವರು ನಮ್ಮ ಪೈಲಟ್‌ಗಳನ್ನು ಹಳೆಯ ಡಬ್ಬಗಳಲ್ಲಿ ಕೂರಿಸುವುದು ನ್ಯಾಯವೇ ಎನ್ನುತ್ತಾರೆ. ಇಬ್ಬರ ಮಾತನ್ನೂ ನಾನು ನಮ್ಮ ಅಡುಗೆಮನೆಯಲ್ಲೇ ಕೇಳಿದ್ದೇನೆ. ಅವರು ಮೇಜು ಕುಟ್ಟಿ ವಾದಿಸುವಾಗ ಇಬ್ಬರಿಗೂ ಎರಡೆರಡು ಬಾರಿಸಬೇಕೆನಿಸುತ್ತದೆ. ಹೊಸ ವಿಮಾನವಿದ್ದಿದ್ದರೆ ನನ್ನ ಅಣ್ಣ ಉಳಿಯುತ್ತಿದ್ದ ಎಂದು ಒಂದು ದಿನ ನಂಬುತ್ತೇನೆ. ಹೊಸತೂ ಬೀಳುತ್ತದೆ ಎಂದು ಮರುದಿನ ಓದುತ್ತೇನೆ. ಅದು ಕಾಣದಂತೆ ಹೋಗಿ ಬಾಂಬು ಹಾಕುವ ಊರಿನಲ್ಲೂ ಯಾರೋ ಒಬ್ಬಳು ಇಡ್ಲಿ ತಟ್ಟೆಯಂಥ ಏನನ್ನೋ ಇಳಿಸುತ್ತಿರುತ್ತಾಳಲ್ಲ ಎಂದು ಇನ್ನೊಂದು ದಿನ ಹೊಳೆಯುತ್ತದೆ. ಯಾವ ಕಡೆ ಬರೆದರೆ ಮಾರ್ಕ್ಸ್ ಬರುತ್ತೆ ಮ್ಯಾಡಂ ಎಂದು ಮಕ್ಕಳು ಕೇಳುತ್ತಾರೆ. ಅಕ್ಷರ ದುಂಡಗಿರಲಿ ಎನ್ನುತ್ತೇನೆ.

ಈ ವರ್ಷ ಅಣ್ಣನ ಹುಟ್ಟುಹಬ್ಬದ ಹಿಂದಿನ ವಾರ ಟೀವಿಯಲ್ಲಿ ಅದೇ ಚರ್ಚೆ ನಡೆಯುತ್ತಿತ್ತು. ಒಬ್ಬ ಕೊಳ್ಳಲೇಬೇಕು ಎಂದು ಕಿರುಚುತ್ತಿದ್ದ, ಇನ್ನೊಬ್ಬ ದುಂದುವೆಚ್ಚ ಎಂದು ಕಿರುಚುತ್ತಿದ್ದ. ಅಪ್ಪ ಎಂದಿನಂತೆ ಆರಿಸಲು ರಿಮೋಟು ತೆಗೆದುಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಅದು ಕಾಣದ ವಿಮಾನ ಅಲ್ವೇನ್ರೀ? ನಮ್ಮುಡುಗ ಹೇಳ್ತಿದ್ನಲ್ಲ.”

“ಹೂಂ ಕಣೇ.”

“ಅಂಥದ್ದು ಕೊಟ್ಟಿದ್ದಿದ್ರೆ ಅವನು ಬರ್ತಿದ್ನಾ?”

ಅಪ್ಪನ ಕೈಯಲ್ಲಿದ್ದ ರಿಮೋಟು ಹಾಗೇ ನಿಂತಿತು. ‘ಬರ್ತಾನೆ’ ಎನ್ನುತ್ತಿದ್ದವಳು ‘ಬರ್ತಿದ್ನಾ’ ಎಂದಿದ್ದಳು. ಅವಳಿಗೆ ಗೊತ್ತಿತ್ತು. ಬಹುಶಃ ಮೊದಲಿನಿಂದಲೂ ಗೊತ್ತಿತ್ತು.

“ಗೊತ್ತಿಲ್ಲ ಕಣೇ,” ಎಂದರು ಅಪ್ಪ. “ದೇವರಾಣೆ ಗೊತ್ತಿಲ್ಲ.”

ಅವಳು ಒಳಗೆ ಹೋಗಿ ಗ್ರೈಂಡರಿಗೆ ಅಕ್ಕಿ ಹಾಕಿದಳು.

ಹುಟ್ಟುಹಬ್ಬದ ದಿನ ನಾವು ಮೂವರೂ ಚರ್ಚಿನಲ್ಲಿ ಕೂತಿದ್ದೆವು. ಮೊದಲು ಸತ್ತವರ ಕೋರಿಕೆಗಳನ್ನು ಓದಿದರು. ನಡುವೆ ಅಣ್ಣನ ಹೆಸರು ಬಂತು, ಆತ್ಮಶಾಂತಿಗಾಗಿ. ಅಪ್ಪ ಬೆಚ್ಚಿ ಅಮ್ಮನ ಕಡೆ ತಿರುಗಿದರು. ಅವಳು ಜಪಮಣಿ ಬಿಗಿಯಾಗಿ ಹಿಡಿದು ಮುಂದೆ ನೋಡುತ್ತಿದ್ದಳು. ಅವಳೇ ಹೋಗಿ ಬರೆಸಿದ್ದಳು. ಆಮೇಲೆ ಬದುಕಿರುವವರ ಕೋರಿಕೆಗಳು ಶುರುವಾದವು. ಅಲ್ಲೂ ಅಣ್ಣನ ಹೆಸರು ಬಂತು, ಕ್ಷೇಮಕ್ಕಾಗಿ. ಓದುತ್ತಿದ್ದವರು ತಡವರಿಸಿದರು. ಮುಂದಿನ ಸಾಲಿನವರು ಕತ್ತು ತಿರುಗಿಸಿ ನಮ್ಮನ್ನು ನೋಡಿದರು. ಈಗ ಅಮ್ಮ ಅಪ್ಪನ ಕಡೆ ತಿರುಗಿದಳು.

“ನೀವು ಬರೆಸಿದ್ರಾ?”

“ನೀನು ಕೇಳಿದ್ಯಲ್ಲ, ಬರ್ತಿದ್ನಾ ಅಂತ,” ಎಂದರು ಅಪ್ಪ ಪಿಸುಮಾತಿನಲ್ಲಿ. “ನಿನ್ನ ಬಾಯಲ್ಲಿ ಅದು ಕೇಳಕ್ಕಾಗ್ಲಿಲ್ಲ ಕಣೇ. ಬರ್ತಾನೆ ಅಂತಲೇ ಇರ್ಲಿ ಅಂತ ಬರೆಸ್ಬುಟ್ಟೆ.”

ಇಷ್ಟು ವರ್ಷ ಜಗ್ಗಾಡಿದ ಹಗ್ಗವನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಟ್ಟಿಗೇ ಬಿಟ್ಟಿದ್ದರು. ಪೂಜೆ ಮುಗಿಯುವವರೆಗೂ ಯಾರೂ ಅಳಲಿಲ್ಲ.

ಮನೆಗೆ ಹೊರಟಾಗ ಅಪ್ಪ ಸ್ಕೂಟರನ್ನು ಓರೆ ಮಾಡಿ ಕಿಕ್ ಹೊಡೆದರು. ಅಮ್ಮ ಹಿಂದೆ ಕೂತಳು. ನಾನು ನನ್ನ ಗಾಡಿಯಲ್ಲಿ ಹಿಂಬಾಲಿಸಿದೆ. ಅಗ್ರಹಾರದ ಸರ್ಕಲ್ ದಾಟಿದ ಮೇಲೆ ಅಪ್ಪ ಕೈ ತೋರಿಸಿ, ಒಂದು ಹೂವಿನ ಅಂಗಡಿಯ ಮಗ್ಗುಲಿಗೆ, ರಸ್ತೆ ಪಕ್ಕಕ್ಕೆ ಸ್ಕೂಟರ್ ನಿಲ್ಲಿಸಿದರು. ಏನಾಯ್ತಪ್ಪ, ಕೆಡ್ತಾ ಎಂದು ಕೇಳುತ್ತ ನಾನೂ ನಿಲ್ಲಿಸಿದೆ. ಅವರು ಹ್ಯಾಂಡಲಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಮ್ಮ ಇಳಿಯದೆ ಹಿಂದಿನಿಂದ ಅವರ ಬೆನ್ನಿಗೆ ಮುಖ ಒತ್ತಿಕೊಂಡಿದ್ದಳು. ಸ್ಕೂಟರ್ ಕೆಟ್ಟಿರಲಿಲ್ಲ, ಎಂಜಿನ್ ಓಡುತ್ತಲೇ ಇತ್ತು.