ಡ್ರೈವರ್ ಇಳಿಯುವವರೆಗೆ

ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ಸಿಡಿಲಿಗೆ ಸುಟ್ಟಿದ್ದ ನೆಟ್‌ವರ್ಕ್ ಕಾರ್ಡು ತೆಗೆದು ಹೊಸದನ್ನು ಕೂರಿಸಿ, ಮೇಲಿರುವ ಸ್ವಾಮಿಯನ್ನು ನೆನೆದು ಕಂಪ್ಯೂಟರ್ ಆನ್ ಮಾಡಿದೆ. ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶಕ್ಕೆ ಕಾರ್ಡಿನ ಗುರುತೇ ಹತ್ತಲಿಲ್ಲ. ಗುರುತು ಹತ್ತಲು ಡ್ರೈವರ್ ಎಂಬ ಸಣ್ಣ ತಂತ್ರಾಂಶವನ್ನು ಇಂಟರ್ನೆಟ್ಟಿನಿಂದ ಇಳಿಸಬೇಕು, ಕಾರ್ಡಿಲ್ಲದೆ ಇಂಟರ್ನೆಟ್ಟಿಲ್ಲ.

ಬೆಂಚಿನ ಮೇಲೆ ಕಾಲ್ಬೆರಳಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡ ಅಜ್ಜಿಯೊಬ್ಬರು ಕೂತಿದ್ದರು. ಮೈಸೂರಿನ ಡಾಕ್ಟರು ಮಧ್ಯಾಹ್ನದೊಳಗೆ ಅದನ್ನು ಪರದೆಯ ಮೇಲೆ ನೋಡಿ, ಬೆರಳು ಉಳಿಯುತ್ತದೋ ಇಲ್ಲವೋ ಹೇಳಬೇಕಿತ್ತು. ಅಲ್ಲಿ ಫೋನಿನ ಸಿಗ್ನಲ್ಲು ವಿಡಿಯೊಗೆ ಸಾಲದು, ಡ್ರೈವರಿಗೆ ಸಾಕು. ಸಿಸ್ಟರು ತಮ್ಮ ಫೋನನ್ನೇ ವೈರಿನಲ್ಲಿ ಕಂಪ್ಯೂಟರಿಗೆ ಜೋಡಿಸಿಕೊಟ್ಟರು. ಅರ್ಧ ಇಳಿಯುವಷ್ಟರಲ್ಲಿ ಅವರ ಅತ್ತೆಯ ಕರೆ ಬಂದು ನೆಟ್ ಕಡಿಯಿತು. ಮತ್ತೆ ಶುರುಮಾಡಿದರೆ ಮಗಳ ಕರೆ.

“ನನ್ ಫೋನು ಸುಮ್ನಿರಾಕಿಲ್ಲ ಸಾರ್, ನಿಮ್ದೇ ಆಕಿ,” ಎಂದರು.

ನನ್ನದನ್ನು ಜೋಡಿಸಿದೆ. ಮುಕ್ಕಾಲು ಗಂಟೆ ಒಂದು ಕರೆಯೂ ಬರಲಿಲ್ಲ. ಡ್ರೈವರ್ ಪೂರ್ತಿ ಇಳಿದು, ಕಾರ್ಡಿನ ಹೆಸರು ಪರದೆಯ ಮೇಲೆ ಬಂತು, ಕೇಂದ್ರದ ಇಂಟರ್ನೆಟ್ ಲೈನು ಹತ್ತಿತು.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. “ಯಾಕಪ್ಪಾ, ನಿಂಗೆ ಯಾರೂ ಫೋನ್ ಮಾಡಾಕಿಲ್ವಾ? ಎಂಡ್ತಿ, ಮಕ್ಳು?”

“ಇಲ್ಲ ಕಣಜ್ಜಿ, ಒಬ್ಬನೇ. ಜೊತೇಲಿ ಸ್ವಾಮಿ ಅವ್ನಲ್ಲ.”

“ಅವ್ನೂ ಮಾಡ್ನಿಲ್ವಲ್ಲ ಮಗಾ!”

ಸಿಸ್ಟರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಪರದೆಯ ಮೇಲೆ ಡಾಕ್ಟರು ಬಂದರು. ಹುಣ್ಣು ನೋಡಿ, ಬೆರಳು ಉಳಿಯುತ್ತದೆ ಎಂದರು. ಅಜ್ಜಿ ಕಂಪ್ಯೂಟರಿಗೇ ಕೈಮುಗಿದರು.

ನನ್ನನ್ನು ಒಂಟಿಯಾಗಿಟ್ಟಿದ್ದು ಇಂಥದೊಂದು ಕೆಲಸಕ್ಕೇ ಇರಬೇಕು, ಸ್ವಾಮಿಯ ಮನಸ್ಸು ನಮಗೇನು ಗೊತ್ತು ಎಂದುಕೊಂಡು ಬಸ್ಸು ಹತ್ತಿದೆ. ಆದರೂ ಸೀಟು ಸಿಕ್ಕ ಮೇಲೆ ಫೋನು ತೆಗೆದು, ಅಪ್ಪಿತಪ್ಪಿ ಸೈಲೆಂಟಿನಲ್ಲಿ ಇದೆಯೇನೋ ಎಂದು ನೋಡಿದೆ. ಇರಲಿಲ್ಲ.