ಬೆಲ್ಟು ಮುಗಿದಿದೆ

ನಮ್ಮ ಮನೆಯವರು ಹಲ್ಲಿನ ಸೆಟ್ಟು ಮಾಡುವವರು. ಡಾಕ್ಟರಲ್ಲ. ಹಲ್ಲು ಕೀಳುವುದು, ಬಾಯಿಯ ಅಳತೆ ತೆಗೆಯುವುದು ಎಲ್ಲ ಡಾಕ್ಟರ ಕೆಲಸ. ಆ ಅಳತೆ ಇಟ್ಟುಕೊಂಡು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಮೇಣ ಕರಗಿಸಿ, ಗುಲಾಬಿ ಬಣ್ಣದ ಒಸಡು ಎರೆದು, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಇವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೇ ಕೋಣೆ, ಅದೇ ಸ್ಟೂಲು. ಬೀದಿಯಲ್ಲಿ ಎಲ್ಲರೂ ಇವರನ್ನು ಹಲ್ಲಣ್ಣ ಅಂತಲೇ ಕರೆಯುತ್ತಾರೆ. ಕರೆದರೆ ಹಲ್ಲು ಬಿಡುತ್ತಾರೆ, ಅಷ್ಟೆ. ಕೋಪ ಅನ್ನುವುದನ್ನು ಆ ಮನುಷ್ಯನಿಗೆ ಯಾರೂ ಕಲಿಸಲೇ ಇಲ್ಲ.

ಕೋಣೆಯ ಗೋಡೆಗೆ ಮರದ ಗೂಡುಗಳಿವೆ. ಒಂದೊಂದರಲ್ಲೂ ಒಂದೊಂದು ಟ್ರೇ, ಟ್ರೇಯಲ್ಲಿ ಯಾರದೋ ಪ್ಲಾಸ್ಟರ್ ದವಡೆ. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಕೊಡಲು ಹೋಗಿ, ಅಷ್ಟು ಬಾಯಿಗಳು ಒಟ್ಟಿಗೆ ನನ್ನನ್ನೇ ನೋಡಿ ನಗುತ್ತಿವೆ ಅನ್ನಿಸಿ ಹೆದರಿ ಓಡಿಬಂದಿದ್ದೆ. ಸೆಟ್ಟು ತಯಾರಾದ ಮೇಲೆ ಇವರು ಆ ಟ್ರೇಯ ಮೇಲೆ ಒಂದು ಚೀಟಿ ಇಡುತ್ತಾರೆ: ‘ಮುಗಿದಿದೆ’. ಆ ಚೀಟಿ ನೋಡಿಯೇ ಡಾಕ್ಟರು ರೋಗಿಯನ್ನು ಕರೆಸುವುದು. ಮತ್ತೆ ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಇವರು ಮುಗಿದಿದೆ ಅಂದರೆ ಮುಗಿದಿದೆ.

ಇನ್ನು ನನ್ನ ವಿಷಯ. ನನಗೆ ಭಯ ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುತ್ತೇನೆ. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಗೆ ಹೋದವಳು ವಾಪಸ್ಸು ಬಂದು ಎಳೆದು ನೋಡುತ್ತೇನೆ. ಇಂಥವಳ ಮನೆಗೆ ಒಂದು ಮಧ್ಯಾಹ್ನ ಇವರು ಇಪ್ಪತ್ತೆರಡು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು.

ಅದು ಇವರ ಹತ್ತಿರ ಸೆಟ್ಟು ಮಾಡಿಸಿಕೊಂಡಿದ್ದ ಒಬ್ಬ ಮುದುಕರ ಕಾರು. ಹೊಸ ಹಲ್ಲು ಹಾಕಿಕೊಂಡ ದಿನ ಅವರು ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿಯ ಬಟ್ಟೆ ಚಾವಣಿ ಹಿಂದಕ್ಕೆ ಮಡಚಿ, ಊರೆಲ್ಲ ಒಂದು ಸುತ್ತು ಹೊಡೆಸಿದ್ದರಂತೆ. ಮುದುಕರು ತೀರಿಹೋದ ಮೇಲೆ ಅವರ ಮಗ ಗಾಡಿ ಮಾರುತ್ತಾನೆಂದು ಗೊತ್ತಾದದ್ದೇ ತಡ, ಜೀವಮಾನದಲ್ಲಿ ತನಗೆ ಇಂಥದ್ದು ಬೇಕು ಎಂದು ಬಾಯಿಬಿಡದಿದ್ದ ಮನುಷ್ಯ ನನಗೊಂದು ಮಾತೂ ಹೇಳದೆ ಹೋಗಿ ತಂದುಬಿಟ್ಟರು.

“ಏನ್ರೀ ಇದು! ಇರೋದೇ ಎರಡು ಸೀಟು. ಮನೇಲಿರೋದು ಮೂರು ಜನ. ನಾನೆಲ್ಲಿ ಕೂರ್ಲಿ, ಡಿಕ್ಕೀಲಾ?” ಎಂದೆ.

“ನೀನು ಹೇಗೂ ಹತ್ತಲ್ಲ ಅಂತ ನಂಗೊತ್ತಿತ್ತು ಕಣೆ,” ಎಂದು ನಕ್ಕರು.

ಅದಕ್ಕೆ ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಅವರ ಮುಂದಿನ ಮಾತಿಗೆ ನಗು ನಿಂತುಹೋಯಿತು. ಮಗಳಿಗೆ ದೂರದ ಊರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಮುಂದಿನ ಭಾನುವಾರ ಹಾಸ್ಟೆಲಿಗೆ ಸೇರಬೇಕು. ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಈಗ ಇವರು, “ನಾನೇ ಇದರಲ್ಲಿ ಬಿಟ್ಟು ಬರ್ತೀನಿ,” ಅಂದರು. ಮಗಳು ಕುಣಿದಳು. ಆ ಊರಿಗೆ ಹೋಗುವಾಗ ಎರಡು ಗಂಟೆ ನೇರ ರಸ್ತೆ, ಆಮೇಲೆ ಬೆಟ್ಟದ ಇಳಿಜಾರು, ತಿರುವಿನ ಮೇಲೆ ತಿರುವು, ಒಂದು ಪಕ್ಕ ಪ್ರಪಾತ. ಇರುವವಳು ಒಬ್ಬಳೇ ಮಗಳು.

“ಮೊದಲು ಮೇಸ್ತ್ರಿಗೆ ತೋರಿಸಿ. ಅವರು ಸರಿ ಅಂದ್ರೆ ಮಾತ್ರ ನನ್ನ ಮಗಳು ಅದರಲ್ಲಿ ಕೂರೋದು,” ಎಂದು ಖಡಾಖಂಡಿತವಾಗಿ ಹೇಳಿದೆ.

ಮೇಸ್ತ್ರಿ ಅಂದರೆ ರೈಲ್ವೆ ಗೇಟಿನ ಪಕ್ಕದ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುವ ಮುದುಕರು. ಸೋಮವಾರ ಬೆಳಿಗ್ಗೆ ಇವರು ಗಾಡಿಯನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋದರು. ಹಿಂದೆಯೇ ನಡೆದು ಬಂದ ನಾನು ಮನೆಗೆ ಹೋಗಲಿಲ್ಲ, ಅಲ್ಲೇ ಒಂದು ಡಬ್ಬ ಕವುಚಿ ಹಾಕಿಕೊಂಡು ಕೂತೆ.

“ನೀವು ಯಾಕಮ್ಮ ಇಲ್ಲಿ ಹೊಗೆ ಕುಡೀತೀರಿ? ಸಾಯಂಕಾಲ ಬನ್ನಿ,” ಎಂದರು ಮೇಸ್ತ್ರಿ.

“ನೀವು ಒಂದೊಂದೂ ನೋಡೋದನ್ನ ನಾನು ನೋಡ್ಬೇಕು,” ಅಂದೆ.

“ಹಾಗಾದ್ರೆ ಸುಮ್ನೆ ಕೂರಬೇಡಿ. ನನ್ನ ಕೈಯೆಲ್ಲ ಎಣ್ಣೆ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ.”

ಶೆಡ್ಡಿನ ನೆಲದಲ್ಲಿ ಆಳೆತ್ತರದ ಗುಂಡಿ. ಅದರ ಮೇಲೆ ಕಾರು ನಿಲ್ಲಿಸಿ, ಮೇಸ್ತ್ರಿ ಕೆಳಗಿಳಿದು, ಟಾರ್ಚು ಹಿಡಿದು ಅಲ್ಲಿಂದಲೇ ಕೂಗುವುದು. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಳ್ಳುವುದು. ಕೆಲವಕ್ಕೆ ‘ಚೆನ್ನಾಗಿದೆ’ ಅನ್ನುತ್ತಿದ್ದರು, ಕೆಲವಕ್ಕೆ ‘ಮಾಡಿಸ್ಬೇಕು’. ಬ್ರೇಕಿನ ಪ್ಯಾಡು ಚೆನ್ನಾಗಿದೆ. ಬ್ರೇಕಿನ ಎಣ್ಣೆ ಕಪ್ಪಾಗಿದೆ, ಮಾಡಿಸ್ಬೇಕು. ನೀರಿನ ಹೋಸು ಸೀಳು ಬಿಟ್ಟಿದೆ, ಮಾಡಿಸ್ಬೇಕು. ಟೈರು ನೋಡಿದರೆ ಮಿರಮಿರ ಮಿಂಚುತ್ತಿತ್ತು. ಅದಕ್ಕೂ ಮಾಡಿಸ್ಬೇಕು ಅಂದಾಗ ನನಗೆ ಅನುಮಾನ ಬಂತು.

“ಹೊಸದರ ಥರ ಇದೆಯಲ್ಲ ಮೇಸ್ತ್ರಿ?”

“ಇಲ್ಲಿ ನಾಲ್ಕು ಅಂಕಿ ಇದೆ ನೋಡಮ್ಮ. ಯಾವ ವಾರ, ಯಾವ ವರ್ಷ ಅಂತ. ಇದು ಹುಟ್ಟಿ ಹನ್ನೊಂದು ವರ್ಷ ಆಯ್ತು. ಓಡಿಲ್ಲ, ನಿಂತಲ್ಲೇ ಮುದಿಯಾಗಿದೆ.”

ಆಮೇಲೆ ವೈಪರ್ ರಬ್ಬರು ಹಿಡಿದು ನೋಡಿದರು. ಪುಡಿಪುಡಿಯಾಗಿ ಉದುರಿತು. “ಮುಗಿದಿದೆ, ಬರ್ಕೊಳ್ಳಿ,” ಅಂದರು. ಬರೆದುಕೊಂಡೆ. ಕೊನೆಗೆ ಇಂಜಿನ್ನಿನ ಪಕ್ಕದ ಒಂದು ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ತುಂಬ ಹೊತ್ತು ಸುಮ್ಮನೆ ನಿಂತರು. ಡಾಕ್ಟರು ಎಕ್ಸ್‌ರೇ ಹಿಡಿದು ಮಾತಾಡದೆ ನಿಂತರೆ ಹೇಗಾಗುತ್ತದೋ ನನಗೆ ಹಾಗಾಯಿತು.

“ಏನಾಯ್ತು ಹೇಳಿ ಮೇಸ್ತ್ರಿ.”

“ಒಳಗಿನ ಬೆಲ್ಟು. ಮುಗಿದಿದೆ.” ಈಚೆ ಬಂದು ಕೈ ಒರೆಸಿಕೊಂಡರು. “ಇದು ಕಿತ್ತುಹೋದ್ರೆ ಇಂಜಿನ್ನು ಅದೇ ಕ್ಷಣಕ್ಕೆ ಸತ್ತ ಹಾಗೆ. ಸ್ಟಿಯರಿಂಗ್ ಕಲ್ಲಾಗುತ್ತೆ. ಬ್ರೇಕು ಎರಡು ಸಲ ಹಿಡಿಯುತ್ತೆ, ಆಮೇಲೆ ಅದೂ ಗಟ್ಟಿ. ನೇರ ರಸ್ತೇಲಾದ್ರೆ ಬದುಕ್ಕೊಂಡ್ರಿ. ಇಳಿಜಾರಲ್ಲಾದ್ರೆ ಕಷ್ಟ. ನಾನು ನಾಳೆ ಮಗಳ ಮನೆಗೆ ಹೋಗ್ತಿದೀನಿ, ಹತ್ತು ದಿನ ಸಿಗಲ್ಲ. ಈ ಪಟ್ಟಿ ಯಾವ ಗ್ಯಾರೇಜಿಗೆ ತೋರಿಸಿದ್ರೂ ಮಾಡಿಕೊಡ್ತಾರೆ. ಮನೆ ತನಕ ಮೆಲ್ಲಗೆ ತಗೊಂಡು ಹೋಗಿ ಅನ್ನಿ ಯಜಮಾನ್ರಿಗೆ.”

‘ಒಳಗಿನ ಬೆಲ್ಟು: ಮುಗಿದಿದೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆ ಸಂಜೆ ಪಟ್ಟಿಯ ಹಾಳೆ ಹರಿದು ಇವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು.

“ಬೆಲ್ಟಿಂದು ನೋಡಿದ್ರಾ?” ಎಂದೆ.

“ನೋಡಿದೆ. ಮುಗಿದಿದೆಯಲ್ಲ.”

“ಹೂಂ, ಮುಗಿದಿದೆ. ಅದೇ ಎಲ್ಲಕ್ಕಿಂತ ಮುಖ್ಯ ಅಂದ್ರು ಮೇಸ್ತ್ರಿ.”

“ಒಳ್ಳೇದಾಯ್ತು ಬಿಡು,” ಅಂದರು. ಮುಂಚೆಯೇ ಗೊತ್ತಾಗಿದ್ದು ಒಳ್ಳೆಯದಾಯಿತು ಅನ್ನುತ್ತಿದ್ದಾರೆ ಅಂದುಕೊಂಡು ನಾನು ಅಡುಗೆಮನೆಗೆ ಹೋದೆ.

ಆ ವಾರವೆಲ್ಲ ನನಗೆ ಸರಿಯಾಗಿ ಅನ್ನ ಇಳಿಯಲಿಲ್ಲ. ಇವರು ದಿನಾ ಕೆಲಸ ಬಿಟ್ಟ ಮೇಲೆ ಕ್ಲಿನಿಕ್ಕಿನ ಪಕ್ಕದ ಟೈರಿನ ಅಂಗಡಿಗೆ ಗಾಡಿ ಒಯ್ದು ಒಂದೊಂದಾಗಿ ಮಾಡಿಸುತ್ತಿದ್ದರು. ಶನಿವಾರ ಕೇಳಿದೆ, “ಪಟ್ಟೀಲಿರೋದೆಲ್ಲ ಆಯ್ತಾ?”

“ಟೈರಾಯ್ತು, ಹೋಸಾಯ್ತು, ಬ್ರೇಕಿನ ಎಣ್ಣೆ ಆಯ್ತು.”

“ಬೆಲ್ಟು?”

“ಅದು ಮುಗಿದಿದೆ ಕಣೇ ಮಾರಾಯ್ತಿ! ಎಷ್ಟು ಸಲ ಕೇಳ್ತೀಯ?”

ಬೆಲ್ಟಿನ ಕೆಲಸ ಮುಗಿದಿದೆ ಎಂದು ಕೇಳಿಸಿಕೊಂಡೆ ನಾನು. ಸದ್ಯ, ಎದೆಯ ಮೇಲಿನ ಭಾರ ಇಳಿಯಿತು ಅಂದುಕೊಂಡು ಮಗಳ ಬಟ್ಟೆ ಮಡಚಿಟ್ಟೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರು. ಸಣ್ಣಗೆ ಹನಿಯುತ್ತಿತ್ತು. ಟ್ರಂಕು ಹಿಡಿಸದೆ, ಅದರಲ್ಲಿದ್ದದ್ದನ್ನೆಲ್ಲ ಎರಡು ಚೀಲಕ್ಕೆ ತುಂಬಿ ಮಗಳ ಕಾಲ ಕೆಳಗೆ ತುರುಕಿದ್ದಾಯಿತು. ಗಾಡಿ ಓಡಿಸುವಾಗ ಫೋನು ಮುಟ್ಟಬಾರದು, ಆರಿಸಿ ಚೀಲದಲ್ಲಿಡಬೇಕು ಎಂದು ಇಬ್ಬರಿಗೂ ಹತ್ತು ಸಲ ಹೇಳಿದೆ. ಇವರು ವೈಪರ್ ಹಾಕಿದರು. ಅದು ಗಾಜನ್ನು ಒರೆಸುವ ಬದಲು ಕರಕರ ಕೆರೆಯಿತು.

ಇವರು ನಗುತ್ತ, “ಏನ್ ವೈಪರ್ ಹಾಕಿದಾನಪ್ಪ ನಿನ್ನ ಮೇಸ್ತ್ರಿ! ಮುಗಿದಿದೆ ಅಂತ ಬರೆಸಿ, ಹಳೇ ರಬ್ಬರನ್ನೇ ಬಿಟ್ಟಿದಾನೆ ನೋಡು,” ಅಂದರು. ಬಟ್ಟೆಯಲ್ಲಿ ಗಾಜು ಒರೆಸಿ, ಕೈ ಬೀಸಿ ಹೊರಟೇಹೋದರು.

ನಾನೂ ನಗುತ್ತಲೇ ಒಳಗೆ ಬಂದೆ. ಕಾಫಿ ಲೋಟ ತೊಳೆದೆ. ಮಗಳ ಹಾಸಿಗೆ ಸುತ್ತಿದೆ. ಮಂಚದ ಕೆಳಗೆ ಗುಡಿಸಲು ಬಗ್ಗಿದವಳಿಗೆ ಇವರ ಮಾತು ಮತ್ತೆ ನೆನಪಾಯಿತು. ಮೇಸ್ತ್ರಿ ವೈಪರ್ ಹಾಕಲೇ ಇಲ್ಲವಲ್ಲ. ಉದುರಿಹೋಗಿದೆ ಅಂತ ತಾನೇ ಮುಗಿದಿದೆ ಅಂದದ್ದು? ಇವರು ಅದನ್ನು, ಆ ಕೆಲಸ ಮುಗಿದಿದೆ ಅಂತ ಓದಿಕೊಂಡಿದ್ದಾರೆ. ತಮ್ಮ ಟ್ರೇ ಮೇಲಿನ ಚೀಟಿ ಓದಿದ ಹಾಗೆ. ವೈಪರಿನ ಕೆಳಗಿನ ಸಾಲಿನಲ್ಲಿ ನಾನು ಬರೆದದ್ದು ಏನು?

ಪೊರಕೆ ಬಿಸಾಡಿ ಎದ್ದೆ. ಅಯ್ಯೋ ದೇವರೇ, ಬೆಲ್ಟು ಹಾಕಿಸಿಯೇ ಇಲ್ಲ!

ಇವರಿಗೆ ಫೋನು ಮಾಡಿದೆ. ಆಫ್. ಆರಿಸಿ ಅಂತ ನಾನೇ ಹೇಳಿದ್ದೆನಲ್ಲ, ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಮಗಳದ್ದಕ್ಕೆ ಮಾಡಿದೆ. ಅದೂ ಆಫ್. ಈ ಒಂದು ದಿನವಾದರೂ ಅವಳು ನನ್ನ ಮಾತು ಮೀರಬಾರದಿತ್ತೇ? ಗಡಿಯಾರ ನೋಡಿದರೆ ಎಂಟು ಮುಕ್ಕಾಲು. ಇನ್ನು ಹದಿನೈದು ನಿಮಿಷಕ್ಕೆ ಇಳಿಜಾರು ಶುರು. ಮೇಸ್ತ್ರಿಗೆ ಮಾಡಿದೆ. ನನ್ನ ತೊದಲು ಕೇಳಿ ಅವರು, “ಬದಲಾಯಿಸ್ಲಿಲ್ವಾ? ಮುಗಿದಿದೆ ಅಂತ ಕನ್ನಡದಲ್ಲೇ ಹೇಳಿದ್ನಲ್ಲಮ್ಮ!” ಅಂದರು. ಆಮೇಲೆ ದನಿ ತಗ್ಗಿಸಿ, “ಇವತ್ತೇ ಹೋಗುತ್ತೆ ಅಂತೇನಿಲ್ಲ. ಆರು ತಿಂಗಳೂ ಬರಬಹುದು. ಧೈರ್ಯವಾಗಿರಿ,” ಅಂದರು. ಅವರ ದನಿಯಲ್ಲಿ ಮಾತ್ರ ಧೈರ್ಯ ಇರಲಿಲ್ಲ.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಬಾಗಿಲಿಗೆ ಹೋದೆ, ಬೀದಿ ನೋಡಿದೆ, ಒಳಗೆ ಬಂದೆ. ಮತ್ತೆ ಫೋನು ಒತ್ತಿದೆ. ಗ್ಯಾಸಿಗೆ, ಬೀಗಕ್ಕೆ ಇಷ್ಟು ವರ್ಷ ಹೆದರಿದವಳು ನನ್ನ ಕೈಬರಹಕ್ಕೆ ಯಾಕೆ ಹೆದರಲಿಲ್ಲ? ಇನ್ನೆರಡು ಅಕ್ಷರ ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಮಗಳ ಫೋನು ಬಂತು.

“ಅಮ್ಮಾ, ಗಾಬರಿಯಾಗ್ಬೇಡ,” ಅಂದಳು. ನನ್ನ ಜೀವ ಬಾಯಿಗೆ ಬಂತು.

“ಅಪ್ಪ?”

“ಇಲ್ಲೇ ಇದಾರೆ. ನಮಗೇನೂ ಆಗಿಲ್ಲ. ಬೆಟ್ಟದ ಮೇಲೆ ಟೀ ಕುಡಿದು ಹೊರಟ್ವಿ. ಮೊದಲ್ನೇ ತಿರುವಲ್ಲೇ ಇಂಜಿನ್ನು ಟಪ್ ಅಂತ ನಿಂತುಹೋಯ್ತು. ಸ್ಟಿಯರಿಂಗ್ ತಿರುಗ್ತಾನೇ ಇರ್ಲಿಲ್ಲ ಅಮ್ಮ. ಅಪ್ಪ ಎರಡೂ ಕೈಲಿ ಜಗ್ಗಿ ಜಗ್ಗಿ ಗಾಡೀನ ಮಣ್ಣಿನ ದಿಬ್ಬದ ಕಡೆ ತಂದ್ರು. ಗುದ್ದೋ ಹೊತ್ತಿಗೆ ನನ್ನ ಮುಂದೆ ಕೈ ಅಡ್ಡ ಹಾಕಿಬಿಟ್ರು. ಅವರ ಮಣಿಕಟ್ಟು ಊದಿದೆ. ತಗೋ, ನೀನೇ ಮಾತಾಡು.”

ಫೋನು ಕೈ ಬದಲಾಯಿತು. ಇವರ ಉಸಿರು ಕೇಳಿಸಿತು.

“ಬೈಬೇಡ ಕಣೆ,” ಅಂದರು. “ನಾನೇ ಏನೋ ಎಡವಟ್ಟು ಮಾಡಿದೀನಿ. ಗೇರು ತಪ್ಪಾಗಿ ಹಾಕಿದ್ನೋ ಏನೋ. ನೀನು ಬರೆದ ಪಟ್ಟಿ ಜೇಬಲ್ಲೇ ಇದೆ, ಈಗ್ಲೂ ಎರಡು ಸಲ ಓದ್ದೆ. ಎಲ್ಲ ಸರಿಯಾಗೇ ಇದೆ. ನಂಗೆ ಇಂಥ ಗಾಡಿ ಓಡಿಸೋ ಯೋಗ್ಯತೆ ಇಲ್ಲ. ಮಗೂಗೂ ಹೇಳಿಬಿಟ್ಟೆ, ಇನ್ನು ನಿಮ್ಮಪ್ಪನ ಕೈ ನಂಬ್ಬೇಡ ಅಂತ.”

ನೆಲದ ಮೇಲೆ ಕೂತೆ. ಅಳು ಉಕ್ಕಿ ಬಂತು. ಅತ್ತುಕೊಂಡೇ ಎಲ್ಲ ಹೇಳಿದೆ: ಮೇಸ್ತ್ರಿ ಅಂದದ್ದೇನು, ನಾನು ಬರೆದದ್ದೇನು, ಅವರು ಓದಿದ್ದೇನು.

“ತಪ್ಪು ನಂದು ರೀ. ನಿಮ್ಮದಲ್ಲ. ಒಂದು ಮಾತು ತಿರುಗಿ ಕೇಳಬಾರದಿತ್ತಾ ನನ್ನ?”

ಆ ಕಡೆ ಲಾರಿಯೊಂದು ಹೋದದ್ದು ಕೇಳಿಸಿತು.

“ನೀನು ಬರೆದದ್ದಲ್ವಾ,” ಅಂದರು. “ನೀನು ಎಲ್ಲಾನೂ ಮೂರು ಸಲ ನೋಡೋಳು. ಏನಂತ ತಿರುಗಿ ಕೇಳ್ಲಿ?”

ಕಣ್ಣೊರೆಸಿಕೊಂಡು ಹೇಳಿದೆ, “ಫೋನು ಅವಳಿಗೆ ಕೊಡಿ.”

ಮಗಳು ಹಲೋ ಅಂದಳು.

“ಕೇಳಿಲ್ಲಿ. ಗಾಡಿ ನಿಂತದ್ದು ಅಮ್ಮನ ತಪ್ಪಿಂದ. ನಿಮ್ಮಪ್ಪ ಹೇಳಿದ್ದನ್ನ ತಲೆಗೆ ಹಾಕ್ಕೋಬೇಡ. ಅವರ ಕೈ ನಂಬು, ಗೊತ್ತಾಯ್ತಾ?”

“ನಂಗೊತ್ತಮ್ಮ,” ಅಂದಳು. “ಆ ಕೈಗೇ ಈಗ ನನ್ನ ಸ್ಕಾರ್ಫ್ ಕಟ್ತಾ ಇದೀನಿ. ಫೋನಿಡು.”