ದೊರೆಯ ಕುರ್ಚಿಯ ಹಿಂದೆ ನಿಂತವರು

ಮೊನ್ನೆ ರಾಯದುರ್ಗದ ಅಂಚೆ ಕಚೇರಿಯಲ್ಲಿ ಯಾವುದೋ ಪಾರ್ಸೆಲ್ಲಿಗೆ ಅರಗಿನ ಮೊಹರು ಹಾಕುತ್ತಿದ್ದರು. ಕರಗಿದ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕೋರ್ಟಿನ ಹಳೆಯ ಡಫೇದಾರರು ನೆನಪಾದರು. ನಾನಾಗ ಹೊಸದಾಗಿ ಕರಿಕೋಟು ತೊಟ್ಟ ವಕೀಲ. ಅವರು ರಿಟೈರಾಗಿ ಎಷ್ಟೋ ವರ್ಷವಾಗಿದ್ದರೂ ದಿನಾ ಬಂದು ಕೋರ್ಟಿನ ಬೇವಿನ ಮರದಡಿ ಕೂರುತ್ತಿದ್ದರು.

ಬ್ರಿಟಿಷರ ಕಾಲದ ಜಡ್ಜ್ ದೊರೆಯೊಬ್ಬರ ಕುರ್ಚಿಯ ಹಿಂದೆ ನಿಂತು, ಲಕೋಟೆಗಳಿಗೆ ಅರಗು ಹಾಕಿಕೊಡುತ್ತಿದ್ದವರು ಅವರು. ದೊರೆ ಹಡಗಿನಲ್ಲಿ ಮದ್ರಾಸಿಗೆ ಬಂದದ್ದು, ಕರಾವಳಿ ಜಿಲ್ಲೆಗಳಲ್ಲಿ ಜ್ವರ ಬಿದ್ದು ನರಳಿದ್ದು, ನಮ್ಮ ಜಿಲ್ಲೆಗೆ ವರ್ಗವಾದದ್ದು, ಕೊನೆಗೆ ರಂಗೂನಿಗೆ ಹೋದದ್ದು… ಎಲ್ಲ ಬಾಯಿಪಾಠ.

ಒಮ್ಮೆ ಗುಮ್ಮಘಟ್ಟದ ಕಡೆಯ ವಿಧವೆಯೊಬ್ಬಳು ಗಂಡನ ಹೊಲಕ್ಕಾಗಿ ದಾವೆ ಹಾಕಿದ್ದಳಂತೆ. ಗಂಡನ ಹೆಸರೇನೆಂದು ದೊರೆ ಎಷ್ಟು ಕೇಳಿಸಿದರೂ ಬಾಯಿ ಬಿಡಲಿಲ್ಲ. ಇವಳು ಹೆಂಡತಿಯೇ ಅಲ್ಲವೆಂದು ದೊರೆ ದಾವೆ ವಜಾ ಮಾಡಲು ಹೊರಟರು. ಕುರ್ಚಿಯ ಹಿಂದೆ ನಿಂತವನು ಮಾತಾಡಿದರೆ ಕೆಲಸವೇ ಹೋಗುತ್ತಿತ್ತು. ಆದರೂ ಇವರು ಮುಂದೆ ಬಂದು, “ನಮ್ ಕಡೆ ಹೆಣ್ಮಕ್ಳು ಗಂಡನ ಹೆಸ್ರು ಹೇಳಂಗಿಲ್ರಿ, ಬ್ಯಾರೆಯವ್ರು ಹೇಳ್ತಾರ” ಅಂದರು. ಹೊಲ ಅವಳಿಗೆ ಉಳಿಯಿತು. ಆಮೇಲೆ ದೊರೆ ಯಾವ ಹೆಂಗಸಿಗೂ ಆ ಪ್ರಶ್ನೆ ಹಾಕಲಿಲ್ಲವಂತೆ.

ವಕೀಲರ ಸ್ಮರಣ ಸಂಚಿಕೆಗೆ ನಾನು ಆ ದೊರೆಯ ಬಗ್ಗೆ ಬರೆದೆ. ನಮ್ಮ ಆಚಾರವನ್ನು ತಾವಾಗಿಯೇ ಅರಿತಿದ್ದ ನ್ಯಾಯಾಧೀಶರೆಂದು ಹೊಗಳಿದೆ. ಡಫೇದಾರರ ಸುದ್ದಿಯೇ ಎತ್ತಲಿಲ್ಲ. ಜವಾನನ ಬಾಯಿಂದ ಕೇಳಿ ಬರೆದೆನೆಂದರೆ ಸೀನಿಯರುಗಳು ನಕ್ಕಾರು ಎಂಬ ಅಂಜಿಕೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಡಫೇದಾರರು ಮೊಮ್ಮಗಳ ಕೈಲಿ ಓದಿಸಿಕೊಂಡು ಸಂಚಿಕೆ ಹಿಡಿದೇ ಬಂದರು.

“ಇದರಾಗ ನಾ ಎಲ್ಲಿದೀನ್ರಿ, ವಕೀಲ್ರ?”

“ಬರೆದಿದ್ದೆ, ಸಂಪಾದಕರು ತೆಗೆದುಬಿಟ್ರು” ಎಂದು ಹಸಿ ಸುಳ್ಳು ಹೇಳಿದೆ.

“ಇರ್ಲಿ ಬಿಡ್ರಿ. ನೀವು ಬರ್ದಿದ್ರಲ್ಲ, ಅಷ್ಟು ಸಾಕು” ಎಂದು ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು… ಕೆಲವು ತಿಂಗಳಲ್ಲಿ ತೀರಿಕೊಂಡರು. ಅಂದು ಮಡಕಶಿರಾದಲ್ಲಿ ಕೇಸಿದೆಯೆಂದು ನಾನು ಮಣ್ಣಿಗೂ ಹೋಗಲಿಲ್ಲ.

ಈಗ ಆ ಲೇಖನವನ್ನು ಮತ್ತೆ ಅಚ್ಚು ಹಾಕುತ್ತಾರಂತೆ. ಈ ಸಲವಾದರೂ ನಿಜ ಸೇರಿಸೋಣವೆಂದು ನಿನ್ನೆ ಕೂತೆ. ‘ದೊರೆಗೆ ತಿಳಿಹೇಳಿದವರು ಕೋರ್ಟಿನ ಡಫೇದಾರ ಶ್ರೀ’ ಎಂದು ಬರೆದವನ ಪೆನ್ನು ಅಲ್ಲೇ ನಿಂತಿತು. ಎಲ್ಲರಿಗೂ ಅವರು ಬರೀ ಡಫೇದಾರರು. ಮನೆಯವರು ಊರು ಬಿಟ್ಟು ಎಷ್ಟೋ ಕಾಲವಾಯಿತು. ಆ ಬೇವಿನ ಮರದಡಿ ಅವರ ಪಕ್ಕ ಕೂತು ದೊರೆಯ ಬಗ್ಗೆ ನೂರು ಪ್ರಶ್ನೆ ಕೇಳಿದ್ದೆ. ನಿಮ್ಮ ಹೆಸರೇನೆಂದು ಒಂದು ದಿನವೂ ಕೇಳಿರಲಿಲ್ಲ.